ಬೋರಿನ ಉಪ್ಪು: ಇದ್ದಲು ಹಿಡಿಯೋದೇನು, ಬಿಡೋದೇನು?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ನಮ್ಮ ಖುಷ್ಕಿ ಊರುಗಳಲ್ಲಿ ಬೋರಿನ ನೀರು ಅಂದರೆ ಹಂಡೆ ತಳದಲ್ಲಿ ಬಿಳಿ ಹಕ್ಕಳೆ, ಬೇಯದ ತೊಗರಿಬೇಳೆ, ನೊರೆ ಬಾರದ ಸೋಪು. ಎಲ್ಲವನ್ನೂ 'ಉಪ್ಪುನೀರು' ಅಂದುಬಿಡ್ತೇವೆ. ಆದರೆ ಒಳಗಿರೋದು ಒಂದೇ ಉಪ್ಪಲ್ಲ.

ಹಂಡೆಗೆ ಕಟ್ಟೋದು ಸುಣ್ಣ, ಮೆಗ್ನೀಸಿಯಂ. ನಾಲಿಗೆಗೆ ತಾಗೋದು ಅಡುಗೆ ಉಪ್ಪಿನ ಜಾತಿಯದು. ಇನ್ನೊಂದು ಫ್ಲೋರೈಡ್. ಇದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬಂಡೆ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನಿಂದಲೇ ಇಳಿಯುತ್ತೆ. ಸುಣ್ಣ ಕಡಿಮೆಯಿದ್ದು ಬೇಳೆ ಚೆನ್ನಾಗಿ ಬೇಯುವ ನೀರಲ್ಲೇ ಇದು ಹೆಚ್ಚಿರುವುದುಂಟು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತೆ ಭಾರತೀಯ ಮಾನಕ. ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದಾಗುತ್ತೆ, ಆ ಕಲೆ ತಾನಾಗಿ ಹೋಗೋದಿಲ್ಲ. ಇನ್ನೂ ಏರಿದರೆ ಕೀಲು, ಬೆನ್ನು ಬಿಗಿಯುತ್ತೆ.

ಉಪ್ಪು ಹಿಡಿಯುವ ವಸ್ತು ಜರಡಿ ಥರ ಅಲ್ಲ. ಉತ್ತರಾಣಿ ಗಿಡದ ನಡುವೆ ನಡೆದರೆ ಪಂಚೆಗೆ ಬೀಜ ಅಂಟುತ್ತಲ್ಲ, ಹಾಗೆ. ಯಾವುದಕ್ಕೆ ಯಾವುದು ಅಂಟುತ್ತೆ ಅನ್ನೋದು ಆಯಾ ವಸ್ತುವಿನ ಗುಣ. ತೆಂಗಿನ ಚಿಪ್ಪಿನ ಇದ್ದಲು ವಾಸನೆ, ಬಣ್ಣ ಹಿಡಿಯುತ್ತೆ, ಅಡುಗೆ ಉಪ್ಪನ್ನು ಮುಟ್ಟೋದಿಲ್ಲ. ಜಜ್ಜಿದ ನುಗ್ಗೆಬೀಜ ರಾಡಿ ನೀರನ್ನು ತಿಳಿ ಮಾಡುತ್ತೆ. ತಿಳಿಯಾದ ಮಾತ್ರಕ್ಕೆ ಉಪ್ಪು ಹೋಯ್ತು ಅಂತಲ್ಲ! ಹುಣಸೆಬೀಜದ ಪುಡಿ ಫ್ಲೋರೈಡ್ ಹಿಡಿಯೋದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ, ಅದೂ ನೀರಿನ ಹುಳಿ-ಕ್ಷಾರದ ಹದ ನೋಡಿ. ಮನೆ ಕೊಡಕ್ಕೆ ಅದನ್ನು ಹಾಕಿ ನಂಬಿ ಕೂರೋದು ನನಗೆ ಸರಿ ಕಾಣೋದಿಲ್ಲ. ಸುಟ್ಟ ಮೂಳೆಯ ಇದ್ದಲು ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತೆ, ಕೀನ್ಯಾ, ಟಾಂಜಾನಿಯಾಗಳಲ್ಲಿ ಬಳಸಿದ್ದಾರೆ. ನಮ್ಮ ಅಡುಗೆಮನೆಗೆ ಅದನ್ನು ಎಷ್ಟು ಜನ ಬಿಟ್ಟುಕೊಂಡಾರು? ಬಾಕ್ಸೈಟ್ ಅದಿರಿನಿಂದ ಮಾಡುವ ಆಕ್ಟಿವೇಟೆಡ್ ಅಲ್ಯುಮಿನಾ ಕಾಳು ಆ ಕೆಲಸಕ್ಕೆ ಆಗುತ್ತೆ.

ಪಂಚೆ ತುಂಬ ಬೀಜ ಅಂಟಿದ ಮೇಲೆ ಮತ್ತೆ ಅಂಟೋಕೆ ಜಾಗ ಇರೋದಿಲ್ಲ. ಫಿಲ್ಟರಿನ ಕಾಳೂ ಅಷ್ಟೇ. ತುಂಬಿದ್ದು ಕಣ್ಣಿಗೆ ಕಾಣೋದಿಲ್ಲ, ನೀರು ಮೊದಲಿನಂತೆಯೇ ತೊಟ್ಟಿಕ್ಕುತ್ತೆ. ಅದಕ್ಕೇ ಸೋಸಿ ಬಂದ ನೀರನ್ನೂ ಆಗಾಗ್ಗೆ ಪರೀಕ್ಷೆ ಮಾಡಿಸಬೇಕು.

ಕುದಿಸಿದರೆ ಗಡಸು ಒಂದಿಷ್ಟು ಇಳಿದೀತು. ಫ್ಲೋರೈಡ್ ಹೋಗೋದಿಲ್ಲ, ನೀರು ಬತ್ತಿದಷ್ಟೂ ಮಂದವಾಗುತ್ತೆ. ಅಡುಗೆ ಉಪ್ಪಿನ ಜಾತಿಯದನ್ನು ತೆಗೆಯೋಕೆ ಆರ್.ಓ. ಯಂತ್ರವೇ ಬೇಕು.

ಹಾಗಾಗಿ ಕಾಸು ಬಿಚ್ಚುವ ಮೊದಲು ಪಂಚಾಯ್ತಿಯಲ್ಲಿ ವಿಚಾರಿಸಿ. 2019ರಲ್ಲಿ ಜಲಜೀವನ ಮಿಷನ್ ಬಂದ ಮೇಲೆ ಊರಲ್ಲೇ ನೀರು ನೋಡುವ ಕಿಟ್ ಕೊಟ್ಟಿದ್ದಾರೆ, ಫ್ಲೋರೈಡೂ ಅದರಲ್ಲಿ ತಿಳಿಯುತ್ತೆ. ಹೆಚ್ಚಿದೆ ಅಂತ ಬಂದರೆ ಕುಡಿಯೋಕೆ, ಅಡುಗೆಗೆ ಮಳೆನೀರು ಹಿಡಿಯಬಹುದು. 10 ಮೀಟರ್ ಉದ್ದ, 10 ಮೀಟರ್ ಅಗಲದ ತಾರಸಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಮೊದಲ ಮಳೆ ತಾರಸಿ ತೊಳೆದು ಹೋಗಲಿ. ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿ, ಬೆಳಕು, ಸೊಳ್ಳೆ ಹೋಗದ ಹಾಗೆ ತೊಟ್ಟಿ ಮುಚ್ಚಿಡಿ. ಕುಡಿಯುವಾಗ ಕಾಯಿಸಿ ಆರಿಸಿಕೊಳ್ಳಿ.