ವಲಸಿಗರು ಎಲ್ಲಿ ಹೆಚ್ಚು?

ಜಗತ್ತಿನಲ್ಲಿ ಅತಿ ಹೆಚ್ಚು ವಲಸಿಗರಿರುವ ದೇಶ ಯಾವುದು? ಅಮೆರಿಕ ಎಂದು ಯಾರಾದರೂ ಥಟ್ಟನೆ ಹೇಳಿಯಾರು. ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಉತ್ತರ.

ವಿಶ್ವಸಂಸ್ಥೆಯ ಅಂದಾಜಿನಂತೆ 2020ರಲ್ಲಿ ತಾಯ್ನಾಡು ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದ್ದವರು ಸುಮಾರು 28 ಕೋಟಿ. ಎಂದರೆ ವಿಶ್ವದ ಜನಸಂಖ್ಯೆಯ ಶೇ. 3.6ರಷ್ಟು. ಇವರಲ್ಲಿ 5 ಕೋಟಿಗೂ ಹೆಚ್ಚು ಮಂದಿ ಅಮೆರಿಕದಲ್ಲಿದ್ದರು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇದ್ದವರು ಸುಮಾರು 87 ಲಕ್ಷ ಮಾತ್ರ.

ಆದರೆ ಕೊಡ ನೀರಿಗೆ ಐದು ಚಮಚ ಉಪ್ಪು ಹಾಕುವುದಕ್ಕೂ ಲೋಟ ನೀರಿಗೆ ಒಂದು ಚಮಚ ಹಾಕುವುದಕ್ಕೂ ವ್ಯತ್ಯಾಸವಿದೆಯಲ್ಲವೆ? ಜನಸಂಖ್ಯೆಯೊಡನೆ ತೂಗಿ ನೋಡಿದರೆ ಅಮೆರಿಕದಲ್ಲಿ ವಲಸಿಗರ ಪ್ರಮಾಣ ಶೇ. 15ರಷ್ಟು, ಕೆನಡಾದಲ್ಲಿ ಶೇ. 21, ಆಸ್ಟ್ರೇಲಿಯಾದಲ್ಲಿ ಶೇ. 30. ಅರಬ್ ಸಂಸ್ಥಾನದಲ್ಲಾದರೋ ಶೇ. 88! ನಮ್ಮ ಕರಾವಳಿಯಿಂದ ದುಬೈಗೆ ಹೋಗಿ ದುಡಿಯುವವರೂ ಈ ಲೆಕ್ಕಕ್ಕೆ ಸೇರಿದವರೇ.

ಇಷ್ಟಕ್ಕೇ ಹೋಲಿಕೆ ಮುಗಿಯುವುದಿಲ್ಲ. ವಲಸಿಗನೆಂದರೆ ಯಾರು? ಹೆಚ್ಚಿನ ದೇಶಗಳಲ್ಲಿ ಹೊರದೇಶದಲ್ಲಿ ಹುಟ್ಟಿದವರನ್ನು ಎಣಿಸುತ್ತಾರೆ. ಅಮೆರಿಕದಲ್ಲಿ ಪೌರತ್ವ ಪಡೆದ ಭಾರತೀಯನೂ ಈ ಲೆಕ್ಕದಲ್ಲಿ ವಲಸಿಗನೇ. ಅಲ್ಲೇ ಹುಟ್ಟಿದ ಅವನ ಮಗು ಅಲ್ಲ. ಜಪಾನ್, ಅರಬ್ ಸಂಸ್ಥಾನಗಳಂಥ ಕಡೆ ಲೆಕ್ಕಕ್ಕೆ ಆಧಾರ ಪೌರತ್ವ. ಹೀಗಾಗಿ ಜಪಾನಿನಲ್ಲೇ ಹುಟ್ಟಿ ಬೆಳೆದರೂ ಅಲ್ಲಿನ ಪೌರತ್ವ ಪಡೆಯದ ಕೊರಿಯಾ ಮೂಲದವರು ಪರದೇಶಿಗಳ ಪಟ್ಟಿಯಲ್ಲೇ ಉಳಿಯುತ್ತಾರೆ.

ಮನೆ ಬಿಟ್ಟು ಕದಲದೆಯೂ ವಲಸಿಗರಾದವರುಂಟು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ, ಉಕ್ರೇನಿನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಸಂಸಾರ ಹೂಡಿದ್ದವರು ರಾತ್ರಿ ಕಳೆದು ಬೆಳಗಾಗುವುದರಲ್ಲಿ 'ಹೊರದೇಶದಲ್ಲಿ ಹುಟ್ಟಿದವರು' ಆದರು. ಸರಿದದ್ದು ಗಡಿ, ಜನರಲ್ಲ. ನಮ್ಮಲ್ಲೂ ದೇಶವಿಭಜನೆಯ ಕಾಲಕ್ಕೆ ಲಾಹೋರ್, ಢಾಕಾಗಳಿಂದ ಬಂದವರು ಜನ್ಮಸ್ಥಳದ ಲೆಕ್ಕದಲ್ಲಿ ಹೊರದೇಶದವರೇ.

ಇನ್ನು ಸಂಖ್ಯೆ ಹೇಳದೆ ಬಿಡುವ ಸಂಗತಿಯೊಂದಿದೆ. ಕೆನಡಾದಲ್ಲಿ ಕಾಯಂ ವಾಸದ ಅನುಮತಿ ಪಡೆದವನು ಐದು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಕೊಲ್ಲಿ ದೇಶಗಳಲ್ಲಿ ಹೆಚ್ಚಿನವರ ವಾಸ ಕೆಲಸಕ್ಕೆ ಗಂಟುಬಿದ್ದಿದೆ. ಮೂವತ್ತು ವರ್ಷ ದುಡಿದರೂ ಕೆಲಸ ಮುಗಿದ ಮೇಲೆ ಗಂಟುಮೂಟೆ ಕಟ್ಟಬೇಕಾದವರೇ ಬಹಳ. ಶೇ. 88 ಎಂಬುದು ದುಡಿಮೆಗೆ ತೆರೆದ ಬಾಗಿಲನ್ನು ತೋರಿಸುತ್ತದೆಯೇ ಹೊರತು ನೆಲೆಸಲು ಕೊಟ್ಟ ಜಾಗವನ್ನಲ್ಲ.

'ವಲಸಿಗರು ಅತಿಯಾದರು' ಎಂಬ ಕೂಗು ಚುನಾವಣೆ ಬಂದಾಗ ಹಲವು ದೇಶಗಳಲ್ಲಿ ಏಳುತ್ತದೆ. ಅದರ ಬೆನ್ನಿಗೆ ವೀಸಾ ನಿಯಮ ಬಿಗಿಯಾಗುತ್ತದೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಉಳಿಯುತ್ತಾರೆ. ಹೊರದೇಶಗಳಲ್ಲಿ ನೆಲೆಸಿದವರ ಸಂಖ್ಯೆಯಲ್ಲಿ 2020ರಲ್ಲಿ ಜಗತ್ತಿಗೇ ಮೊದಲಿಗರು ಭಾರತೀಯರು, ಸುಮಾರು 1 ಕೋಟಿ 79 ಲಕ್ಷ. ಆದ್ದರಿಂದ ಒಟ್ಟು ಎಷ್ಟು, ನೂರಕ್ಕೆ ಎಷ್ಟು, ಎಣಿಸಿದ್ದು ಯಾರನ್ನು ಎಂದು ಕೇಳಿ ತಿಳಿಯುವ ಅಗತ್ಯ ನಮಗೇ ಹೆಚ್ಚು.