ನಿಮಗಿದು ಗೊತ್ತೇ? ಸೈಕಲ್ಲಿಗೂ ಉಂಟು ವಿಮೆ

ಸ್ಕೂಟರ್ ಕೊಂಡರೆ ವಿಮೆಯ ಕಾಗದ ಕೈಗೆ ಬಾರದೆ ಗಾಡಿ ಶೋರೂಮಿನ ಹೊಸ್ತಿಲು ದಾಟುವುದಿಲ್ಲ. ಸೈಕಲ್ ಕೊಂಡರೆ? ಗಾಳಿ ತುಂಬಿ, ಸೀಟಿನ ಎತ್ತರ ಸರಿಮಾಡಿ ಕೊಟ್ಟುಬಿಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ಮೂರನೇ ವ್ಯಕ್ತಿ ವಿಮೆಯನ್ನು ಕಡ್ಡಾಯ ಮಾಡಿರುವುದು ಮೋಟಾರು ವಾಹನಗಳಿಗೆ ಮಾತ್ರ. ಸೈಕಲ್ಲಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ, ವಿಮೆಯೂ ಕಡ್ಡಾಯವಲ್ಲ. ಕಡ್ಡಾಯವಿಲ್ಲದ ಮೇಲೆ ಅಂಥದೊಂದು ವಿಮೆಯೇ ಇರಲಾರದು ಎಂದು ನಾನೂ ಬಹಳ ಕಾಲ ನಂಬಿದ್ದೆ.

ಇದೆ. ಸರ್ಕಾರಿ ವಿಮಾ ಕಂಪನಿಗಳ ‘ಹೌಸ್‌ಹೋಲ್ಡರ್ಸ್’ ಪಾಲಿಸಿಯಲ್ಲಿ ಟಿ.ವಿ., ಒಡವೆ, ಅಡುಗೆಮನೆಯ ಯಂತ್ರಗಳ ಸಾಲಿನಲ್ಲೇ ‘ಪೆಡಲ್ ಸೈಕಲ್’ ಎಂಬ ವಿಭಾಗವೂ ಇರುತ್ತದೆ. ಅರ್ಜಿ ತುಂಬುವಾಗ ಆ ಖಾನೆ ಖಾಲಿ ಬಿಟ್ಟರೆ ಸೈಕಲ್ ಪಾಲಿಸಿಯ ಹೊರಗೇ ಉಳಿಯಿತು. ಸೈಕಲ್ಲಿಗೆಂದೇ ಬಿಡಿ ಪಾಲಿಸಿ ಕೊಡುವ ಖಾಸಗಿ ಕಂಪನಿಗಳೂ ಉಂಟು. ದುಬಾರಿ ಸೈಕಲ್ ಮಾರುವ ಅಂಗಡಿಯಲ್ಲಿ ವಿಚಾರಿಸಿ.

2021ರ ಏಪ್ರಿಲ್ 1ರಿಂದ ದೇಶದಾದ್ಯಂತ ಒಂದೇ ಮಾದರಿಯಲ್ಲಿ ಸಿಗುತ್ತಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಮನೆಯೊಳಗಿನ ಸಾಮಾನುಗಳಿಗೂ ರಕ್ಷಣೆ ಕೊಡುತ್ತದೆ: ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ. ಹಾಗಾದರೆ ಸೈಕಲ್ ಕಳುವಾದರೆ ದುಡ್ಡು ಬರುತ್ತದಲ್ಲ? ಇಲ್ಲ. ಈ ಪಾಲಿಸಿಯಲ್ಲಿ ಕಳವಿಗೆ ಪರಿಹಾರ ಸಿಗಬೇಕಾದರೆ ಬೆಂಕಿ, ನೆರೆ, ಬಿರುಗಾಳಿಯಂಥ ಅನಾಹುತ ಮೊದಲು ನಡೆದಿರಬೇಕು. ಅದರಿಂದಾಗಿ, ಅದಾದ 7 ದಿನದೊಳಗೆ ಕಳವಾಗಿರಬೇಕು. ಮಾಮೂಲಿ ಕಳ್ಳತನ ಇದರ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು ಸಣ್ಣ ಪದವೂ ಅದರಲ್ಲಿದೆ. ಬೇರೆಯಾಗಿ ನಮೂದಿಸದಿದ್ದರೆ ‘ವಾಹನ’ಗಳಿಗೆ ರಕ್ಷಣೆ ಇಲ್ಲ ಎನ್ನುತ್ತದೆ ಷರತ್ತು. ಸೈಕಲ್ ವಾಹನವೋ ಸಾಮಾನೋ ಎಂಬ ವಾದ ಕ್ಲೇಮಿನ ದಿನ ಬೇಡ. ಪಾಲಿಸಿ ಮಾಡಿಸುವಾಗಲೇ ಸೈಕಲ್ಲಿನ ಹೆಸರು, ಬೆಲೆ ಎರಡನ್ನೂ ಪಟ್ಟಿಯಲ್ಲಿ ಬರೆಸಿಕೊಳ್ಳಿ.

ಕಳವಿಗೂ ಕನ್ನಗಳವಿಗೂ ವಿಮೆಯ ಭಾಷೆಯಲ್ಲಿ ಎಷ್ಟು ಅಂತರ ಗೊತ್ತೇ? ಇಡೀ ಕ್ಲೇಮು ನಿಲ್ಲುವುದೂ ಬೀಳುವುದೂ ಅಲ್ಲೇ. ಬರ್ಗ್ಲರಿ ಪಾಲಿಸಿ ಎಂದರೆ ಬಾಗಿಲು, ಬೀಗ, ಕಿಟಕಿ ಏನನ್ನಾದರೂ ಬಲವಂತದಿಂದ ಒಡೆದು ನುಗ್ಗಿ ಕದ್ದದ್ದಕ್ಕೆ ಮಾತ್ರ ಪರಿಹಾರ. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಆ ಅರ್ಥವೇ ಅಂತಿಮ, ಬಲಪ್ರಯೋಗದ ಗುರುತಿಲ್ಲದ ಕಳವಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಒಬ್ಬ ವ್ಯಾಪಾರಿಯ ಸರಕಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮಗಳ ಸೈಕಲ್ ಹೋದಾಗ ಈ ಪಾಠ ನನಗೆ ಮನೆ ಬಾಗಿಲಲ್ಲೇ ಆಯಿತು. ಗೇಟು ತೆರೆದಿತ್ತು. ಸರಪಣಿ ಕತ್ತರಿಸಿದ ಚೂರೂ ಸಿಗಲಿಲ್ಲ. ವಿಮಾ ಕಂಪನಿಯಿಂದ ಬಂದ ಸರ್ವೇಯರ್ ಕೇಳಿದ ಪ್ರಶ್ನೆ ಎರಡೇ: ಬೀಗ ಮುರಿದಿತ್ತೇ, ಬಿಲ್ ಇದೆಯೇ? ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನಾನು ಕಲಿತದ್ದು, ‘ಬರ್ಗ್ಲರಿ’ ಜೊತೆಗೆ ‘ಥೆಫ್ಟ್’ ಎಂಬ ಪದವೂ ಪಾಲಿಸಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಮನೆಯ ಹೊರಗೆ ನಿಲ್ಲಿಸಿದಾಗ ರಕ್ಷಣೆ ಉಂಟೇ, ಕಂಬಕ್ಕೋ ಕಂಬಿಗೋ ಬೀಗ ಹಾಕಿ ಕಟ್ಟಿರಬೇಕೇ ಎಂಬುದು ಎರಡನೆಯ ಪ್ರಶ್ನೆ.

ಸೀಟು ಹೋಯಿತು, ಲೈಟು ಹೋಯಿತು, ಸೈಕಲ್ ಅಲ್ಲೇ ಇದೆ. ಪರಿಹಾರ? ಸಾಮಾನ್ಯವಾಗಿ ಇಲ್ಲ. ಬಿಡಿಭಾಗ ಕಳುವಾದರೆ, ಅದರ ಜೊತೆಗೇ ಸೈಕಲ್ಲೂ ಹೋಗಿದ್ದರೆ ಮಾತ್ರ ಕೊಡುತ್ತೇವೆ ಎಂಬುದು ಪೆಡಲ್ ಸೈಕಲ್ ವಿಭಾಗದ ಹಳೆಯ ಷರತ್ತು. ಟಯರಿನದೂ ಅದೇ ಕತೆ. ತುಕ್ಕು, ಸವೆತ, ರೇಸಿನಲ್ಲಿ ಆದ ಪೆಟ್ಟು, ಬಾಡಿಗೆಗೆ ಕೊಟ್ಟಾಗ ಆದ ಹಾನಿ, ಇವೆಲ್ಲ ಹೊರಗೆ.

ಬಾಡಿಗೆ ಎಂದಾಗ ನೆನಪಾಯಿತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಶುರುವಾದ ‘ಟ್ರಿಣ್ ಟ್ರಿಣ್’ ಸೈಕಲ್ ಹತ್ತಿದಾಗ ನಿಮ್ಮ ಸೈಕಲ್ಲಿನ ಪಾಲಿಸಿ ನಿಮ್ಮ ಜೊತೆ ಬರುವುದಿಲ್ಲ. ಪಾಲಿಸಿ ಅಂಟಿಕೊಂಡಿರುವುದು ಅದರಲ್ಲಿ ನಮೂದಿಸಿದ ಆ ಒಂದು ಸೈಕಲ್ಲಿಗೆ.

ಆ ಒಂದು ಸೈಕಲ್ ಯಾವುದು ಎಂದು ತೋರಿಸುವುದು ಹೇಗೆ? ಹಿಂದಿನ ಕಾಲದಲ್ಲಿ ಪುರಸಭೆಗೆ ತೆರಿಗೆ ಕಟ್ಟಿದರೆ ಒಂದು ಲೋಹದ ಬಿಲ್ಲೆ ಕೊಡುತ್ತಿದ್ದರು. ಅದರ ಮೇಲೆ ನಂಬರು, ವರ್ಷ. ನನ್ನ ತಂದೆ ಅದನ್ನು ಬೂದಿ ಹಾಕಿ ತಿಕ್ಕಿ ಹೊಳೆಯಿಸುತ್ತಿದ್ದರು. ಬಿಲ್ಲೆಯ ಕಾಲ ಹೋದ ಮೇಲೆ ಉಳಿದಿರುವ ಗುರುತು ಫ್ರೇಮ್ ನಂಬರ್ ಒಂದೇ. ಸೈಕಲ್ಲನ್ನು ತಲೆಕೆಳಗು ಮಾಡಿ, ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ತಳ ಒರೆಸಿ ನೋಡಿ. ಬಹುತೇಕ ಸೈಕಲ್ಲುಗಳಲ್ಲಿ ನಂಬರು ಅಲ್ಲೇ ಕೊರೆದಿರುತ್ತದೆ. ಡೆನ್ಮಾರ್ಕಿನಲ್ಲಿ ಫ್ರೇಮ್ ನಂಬರ್ 1942ರಿಂದಲೇ ಕಡ್ಡಾಯ. ಅದನ್ನು ಕೊಡಲಾಗದಿದ್ದರೆ ಅಲ್ಲಿ ವಿಮೆಯ ಹಣ ಸಿಗುವುದಿಲ್ಲ. ಫ್ರಾನ್ಸ್ 2021ರ ಜನವರಿ 1ರಿಂದ ಅಂಗಡಿಯಲ್ಲಿ ಮಾರುವ ಪ್ರತಿ ಹೊಸ ಸೈಕಲ್ಲಿಗೂ ಗುರುತು ಹಾಕಿಸುವುದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಅಂಗಡಿಯವರು ಬಿಲ್ಲಿನಲ್ಲಿ ನಂಬರು ಬರೆಯದೇ ಕೊಡುವುದುಂಟು. ಕೇಳಿ ಬರೆಸಿಕೊಳ್ಳಿ, ದಯವಿಟ್ಟು.

60,000 ರೂಪಾಯಿಯ ಸೈಕಲ್ಲಿಗೆ ಪ್ರೀಮಿಯಂ ಉಳಿಸಲೆಂದು 30,000ಕ್ಕೆ ವಿಮೆ ಮಾಡಿಸಿದ್ದೀರಿ ಎನ್ನಿ. ಬಿದ್ದು ಫೋರ್ಕ್ ಬಾಗಿ ರಿಪೇರಿಗೆ 10,000 ಆಯಿತು. 30,000ದ ಒಳಗೇ ಇದೆಯಲ್ಲ, ಪೂರ್ತಿ ಬರಬೇಕು ಎಂದುಕೊಂಡರೆ ಕೈಗೆ ಬರುವುದು 5,000. ಬೆಲೆಯ ಅರ್ಧಕ್ಕೆ ವಿಮೆ ಮಾಡಿಸಿದವರು ನಷ್ಟದ ಅರ್ಧವನ್ನು ತಾವೇ ಹೊರಬೇಕೆಂಬ ಲೆಕ್ಕ ಅದು. (ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ, ಅದೊಂದು ಒಳ್ಳೆಯ ಗುಣ.) ಸವಕಳಿ ಕಳೆದು ಕೊಡುತ್ತಾರೋ, ಹೊಸದರ ಬೆಲೆ ಕೊಡುತ್ತಾರೋ ಎಂಬುದನ್ನೂ ಕೇಳಿಕೊಳ್ಳಿ.

ಬ್ಯಾಟರಿ ಸೈಕಲ್ಲಿದೆಯೇ? ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ಅದು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವಲ್ಲ. ಮೆಕ್ಯಾನಿಕ್ ಕೈಯಲ್ಲಿ ವೇಗದ ಮಿತಿ ತೆಗೆಸಿದ ದಿನವೇ ಅದಕ್ಕೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕಾಗುತ್ತದೆ. ಮಕ್ಕಳ ಕೈಗೆ ಅಂಥದ್ದನ್ನು ಕೊಡುವ ಮುಂಚೆ ಇದನ್ನು ಯೋಚಿಸಬೇಕು. ಜರ್ಮನಿಯಲ್ಲಿ 25 ಕಿ.ಮೀ. ಮೀರಿ ಮೋಟಾರಿನ ನೆರವು ಪಡೆಯುವ ಸೈಕಲ್ಲಿಗೆ ವಿಮೆಯ ಪುಟ್ಟ ಫಲಕ ಬೇಕು. ಪ್ರತಿ ಮಾರ್ಚ್ 1ಕ್ಕೆ ಫಲಕದ ಬಣ್ಣ ಬದಲಾಗುತ್ತದೆ, ಪೊಲೀಸರಿಗೆ ದೂರದಿಂದಲೇ ತಿಳಿಯಲೆಂದು.

ಸೈಕಲ್ಲಿನಿಂದ ಬೇರೆಯವರಿಗೆ ಪೆಟ್ಟಾದರೆ? 2008ರಲ್ಲಿ ಜಪಾನಿನ ಕೋಬೆಯಲ್ಲಿ 11 ವರ್ಷದ ಹುಡುಗನೊಬ್ಬ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬಂದು 62 ವರ್ಷದ ಮಹಿಳೆಗೆ ಡಿಕ್ಕಿ ಹೊಡೆದ. ಆಕೆಗೆ ಮತ್ತೆ ಪ್ರಜ್ಞೆ ಬರಲಿಲ್ಲ. 2013ರಲ್ಲಿ ಕೋಬೆಯ ನ್ಯಾಯಾಲಯ ಹುಡುಗನ ತಾಯಿ ಸುಮಾರು 9.5 ಕೋಟಿ ಯೆನ್ ಕೊಡಬೇಕೆಂದಿತು. ಮಗ ಮಾಡಿದ ತಪ್ಪಿಗೆ ಹೊಣೆ ತಾಯಿಯದು. ಆ ತೀರ್ಪಿನ ಬಳಿಕ ಕೋಬೆ ಇರುವ ಹ್ಯೋಗೊ ಪ್ರಾಂತ್ಯ 2015ರ ಅಕ್ಟೋಬರಿನಲ್ಲಿ ಸೈಕಲ್ ವಿಮೆಯನ್ನು ಕಡ್ಡಾಯ ಮಾಡಿತು, ಜಪಾನಿನಲ್ಲೇ ಮೊದಲು. ಟೋಕಿಯೊ 2020ರಲ್ಲಿ ಅದೇ ದಾರಿ ಹಿಡಿಯಿತು. ಸ್ವಿಟ್ಜರ್ಲೆಂಡ್ ಮಾತ್ರ ತದ್ವಿರುದ್ಧ: ಸೈಕಲ್ಲಿಗೆ ಅಂಟಿಸುತ್ತಿದ್ದ ಕಡ್ಡಾಯ ವಿಮೆಯ ಚೀಟಿಯನ್ನು 2012ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಈ ಹೊಣೆಗೆ ರಕ್ಷಣೆ ಬೇಕೆಂದರೆ ಗೃಹ ಪಾಲಿಸಿಯ ‘ಲಯಬಿಲಿಟಿ’ ವಿಭಾಗ ನೋಡಬೇಕು. ಪೆಡಲ್ ಸೈಕಲ್ ವಿಭಾಗದೊಳಗೆ ಅದು ಸೇರಿದ್ದರೂ ಮೊತ್ತ ತೀರಾ ಚಿಕ್ಕದಾಗಿರಬಹುದು. ಅಂಕಿಯನ್ನು ಓದಿ ನೋಡಿ.

ಇಲ್ಲಿಯವರೆಗೆ ಹೇಳಿದ್ದು ಸೈಕಲ್ಲಿನ ಮಾತು. ತುಳಿಯುವ ಮನುಷ್ಯನದು? ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇದೇ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಡೇರಿಗೆ ಹಾಲು ಒಯ್ಯುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ವಾಚ್‌ಮನ್, ಇವರ ಸೈಕಲ್ ಐದು ಸಾವಿರ ಬಾಳದಿರಬಹುದು. ಇವರ ಕೈಕಾಲಿನ ಮೇಲೆ ಒಂದು ಮನೆ ನಡೆಯುತ್ತದೆ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ಣ ಅಂಗವಿಕಲರಾದರೆ 2 ಲಕ್ಷ, ಒಂದು ಕಣ್ಣೋ ಕೈಯೋ ಕಾಲೋ ಹೋದರೆ 1 ಲಕ್ಷ. ಗುಂಡಿಗೆ ಬಿದ್ದರೂ ಅಪಘಾತವೇ, ಲಾರಿಯೇ ಗುದ್ದಬೇಕಿಲ್ಲ. ಆದರೆ ಮೂಳೆ ಮುರಿದರೆ ಆಗುವ ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ. ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಕಂತು ಕಡಿತವಾಗದಿದ್ದರೆ ರಕ್ಷಣೆ ಸದ್ದಿಲ್ಲದೆ ನಿಂತುಹೋಗುತ್ತದೆ.

ಆಸ್ಪತ್ರೆ ಖರ್ಚಿಗೆ ಬೇಕಾದ್ದು ಆರೋಗ್ಯ ವಿಮೆ. ಅದನ್ನು ಮಾಡಿಸಿದ ಮೊದಲ 30 ದಿನ ಕಾಯಿಲೆಗೆ ಹಣ ಕೊಡುವುದಿಲ್ಲ. ಅಪಘಾತಕ್ಕೆ ಆ ಕಾಯುವಿಕೆ ಇಲ್ಲ. ಸಾಹಸ ಕ್ರೀಡೆಗೆ ರಕ್ಷಣೆ ಇಲ್ಲವೆಂದು ಬರೆದಿರುವುದನ್ನು ಕಂಡು ಚಿಕ್ಕಮಗಳೂರಿನ ಗುಡ್ಡದಲ್ಲಿ ಸೈಕಲ್ ತುಳಿಯುವವರು ಹೆದರುತ್ತಾರೆ. ಅಲ್ಲಿರುವ ಮುಖ್ಯ ಪದ ‘ವೃತ್ತಿಪರರಾಗಿ’. ಭಾನುವಾರದ ಹವ್ಯಾಸಕ್ಕೆ ಆ ನಿರ್ಬಂಧ ತಟ್ಟಬಾರದು. ಆದರೆ ಪ್ರತ್ಯೇಕ ಅಪಘಾತ ಪಾಲಿಸಿಗಳ ಮಾತು ಬೇರೆ, ಅವುಗಳ ಷರತ್ತು ಇನ್ನೂ ಬಿಗಿ ಇರಬಹುದು.

ಇನ್ನೊಬ್ಬರ ವಿಮೆಯೂ ನಿಮ್ಮನ್ನು ಕಾಯುತ್ತದೆ, ಗೊತ್ತೇ? ಕಾರೋ ಬಸ್ಸೋ ಗುದ್ದಿದರೆ ಸೈಕಲ್ ಸವಾರ ಆ ವಾಹನದ ಪಾಲಿಸಿಗೆ ‘ಮೂರನೇ ವ್ಯಕ್ತಿ’. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಯಾರದು ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳಬಹುದು. ಗುದ್ದಿ ಓಡಿಹೋದ ಗಾಡಿ ಸಿಗದಿದ್ದರೂ ದಾರಿ ಮುಚ್ಚಿಲ್ಲ: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಅರ್ಜಿ ಹೋಗಬೇಕಾದ್ದು ಕಂದಾಯ ಇಲಾಖೆಯ ಕ್ಲೇಮ್ ವಿಚಾರಣಾಧಿಕಾರಿಗೆ. ಇದಲ್ಲದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಉಂಟು. ಈ ನಾಲ್ಕು ಸಾಲನ್ನು ನಿಮ್ಮ ಮನೆಗೆ ಹಾಲು ತರುವವರಿಗೆ ಓದಿ ಹೇಳಿ. ಅವರಿಗೆ ಇದನ್ನು ಹೇಳುವ ಏಜೆಂಟರು ಇರುವುದಿಲ್ಲ.

ಸೈಕಲ್ ಕಳುವಾದರೆ ಠಾಣೆಗೆ ಅಂದೇ ಹೋಗಿ. ‘ಕಳೆದುಹೋಗಿದೆ’ ಎಂದು ಬರೆಯಬೇಡಿ, ‘ಕಳುವಾಗಿದೆ’ ಎಂದು ಬರೆಯಿರಿ. ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಅಸಂಜ್ಞೇಯ ಅಪರಾಧ. ಹಳೆಯ ಸೈಕಲ್ಲಿಗೆ ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾತ್ರ ಸಿಗಬಹುದು, ಅದರ ಪ್ರತಿ ಇಟ್ಟುಕೊಳ್ಳಿ. ವಿಮಾ ಕಂಪನಿಗೂ ತಡಮಾಡದೆ ತಿಳಿಸಿ. ಟ್ರ್ಯಾಕ್ಟರ್ ಕಳುವಾದ ರೈತರೊಬ್ಬರು ಪೊಲೀಸರಿಗೆ ಅಂದೇ ದೂರು ಕೊಟ್ಟು, ಕಂಪನಿಗೆ ತಡವಾಗಿ ತಿಳಿಸಿದ್ದರು. ಅಷ್ಟು ಮಾತ್ರಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಅವರು ಅಲ್ಲಿಯ ತನಕ ಹೋಗಬೇಕಾಯಿತು ಎಂಬುದನ್ನೂ ಮರೆಯಬಾರದು.

ಕಂಪನಿ ತಿರಸ್ಕರಿಸಿದರೆ, ಅಥವಾ ದೂರಿಗೆ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ, ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರು ಬೇಡ. ವರ್ಷದೊಳಗೆ ಹೋಗಬೇಕು.

ನೆದರ್‌ಲೆಂಡ್ಸಿನ ವಿಮಾ ಕಂಪನಿಗಳು ಸೈಕಲ್ ಕ್ಲೇಮಿಗೆ ಬಂದವರಲ್ಲಿ ಬೀಗದ ಎರಡೂ ಕೀ ಕೇಳುತ್ತವೆ. ಒಂದೇ ಇದ್ದರೆ, ಇನ್ನೊಂದು ಬೀಗದಲ್ಲೇ ಉಳಿದಿತ್ತೇ ಎಂಬ ಅನುಮಾನ. ನಮ್ಮಲ್ಲಿ ಎಲ್ಲರೂ ಕೇಳುವುದಿಲ್ಲ. ಆದರೂ ಮಗಳ ಹೊಸ ಸೈಕಲ್ಲಿನ ಎರಡನೇ ಕೀಯನ್ನು ನಾನು ರೇಷನ್ ಕಾರ್ಡ್ ಇಡುವ ಕವರಿನಲ್ಲಿ, ಬಿಲ್ಲಿನ ಜೊತೆ ಇಟ್ಟಿದ್ದೇನೆ. ಫ್ರೇಮ್ ನಂಬರನ್ನು ಬಿಲ್ಲಿನ ಹಿಂದೆ ಮಗಳೇ ತನ್ನ ಕೈಯಾರೆ ಬರೆದಿದ್ದಾಳೆ.