ಮೆರುಗಿನ ಮೇಲಣ ಗೀರು

ಯಂತ್ರಗಳಿಗೆ ಕಣ್ಣು ಬಂದಿತೆಂಬ ವಾರ್ತೆಯು ಈಗ ಹೊಸದಲ್ಲ. ಥಳಥಳಿಸುವ ಲೋಹದ ಮುಂದೆ ಆ ಕಣ್ಣು ಎಷ್ಟು ತಬ್ಬಿಬ್ಬಾಗುವುದೆಂಬುದನ್ನು ಬಲ್ಲವರು ಮಾತ್ರ ವಿರಳ.

ಮೊದಲು ಮನುಷ್ಯರ ಕಣ್ಣಿನ ವೃತ್ತಾಂತವನ್ನು ಹೇಳುವುದು ಉಚಿತವು. 1890ರ ದಶಕದಲ್ಲಿ ಅಮೆರಿಕದ ಫಿಚ್‌ಬರ್ಗ್ ಪಟ್ಟಣದ ಸೈಮಂಡ್ಸ್ ಕಾರ್ಖಾನೆಯಲ್ಲಿ ಬೈಸಿಕಲ್ಲಿಗೆ ಬೇಕಾದ ಉಕ್ಕಿನ ಗುಂಡುಗಳು ತಯಾರಾಗುತ್ತಿದ್ದವು. ಸುಮಾರು 120 ಮಂದಿ ಹೆಣ್ಣುಮಕ್ಕಳು ಅವನ್ನು ಎಡಗೈಯ ಹಿಂಬದಿಯಲ್ಲಿ, ಜೋಡಿಸಿದ ಎರಡು ಬೆರಳುಗಳ ಸಂದಿನಲ್ಲಿ ಸಾಲಾಗಿಟ್ಟು, ಪ್ರಖರವಾದ ಬೆಳಕಿನಲ್ಲಿ ಹೊರಳಿಸಿ ನೋಡಿ, ತಗ್ಗು, ಗೀರು, ಬಿರುಕುಗಳುಳ್ಳವನ್ನು ಅಯಸ್ಕಾಂತದಿಂದ ಎತ್ತಿ ಬೇರ್ಪಡಿಸುತ್ತಿದ್ದರು. ದಿನಕ್ಕೆ ಹತ್ತೂವರೆ ಗಂಟೆಗಳ ದುಡಿಮೆ! ಫ್ರೆಡರಿಕ್ ಟೇಲರನು ತನ್ನ 1911ರ ಗ್ರಂಥದಲ್ಲಿ ಬರೆದಿರುವಂತೆ, ಅವಧಿಯನ್ನು ಎಂಟೂವರೆ ಗಂಟೆಗಿಳಿಸಿ, ನಡುನಡುವೆ ಹತ್ತು ನಿಮಿಷಗಳ ವಿರಾಮವಿತ್ತು, ಕೂಲಿಯನ್ನು ಹೆಚ್ಚಿಸಿದ ತರುವಾಯ 35 ಮಂದಿಯೇ ಆ ಕೆಲಸವನ್ನೆಲ್ಲ ಇನ್ನೂ ಚೆನ್ನಾಗಿ ಪೂರೈಸಿದರು. ಉಳಿದವರ ಗತಿ? ಕೆಲಸ ಕಳೆದುಕೊಂಡವರಲ್ಲಿ ಬುದ್ಧಿವಂತೆಯರೂ ಶ್ರಮಜೀವಿಗಳೂ ನಂಬಿಕಸ್ಥರೂ ಅನೇಕರಿದ್ದರೆಂದೂ, ಕಂಡೊಡನೆ ಕೈಯಾಡಿಸುವ ಚುರುಕು ಮಾತ್ರ ಅವರಲ್ಲಿರಲಿಲ್ಲವೆಂದೂ ಅವನೇ ಒಪ್ಪಿರುವನು. ಇದನ್ನು ಓದುವಾಗ ಮನಸ್ಸು ನೋಯದೆ ಇರದು.

ಈಗ ಆ ಚುರುಕನ್ನು ಕ್ಯಾಮೆರಾ ಒದಗಿಸುತ್ತದೆ. ಆದರೆ ಮೆರುಗಿಟ್ಟ ಉಕ್ಕು ಕನ್ನಡಿಯೇ ಸರಿ. ಅದರಲ್ಲಿ ದೀಪ, ಛಾವಣಿ, ಕೆಲವೊಮ್ಮೆ ಕ್ಯಾಮೆರಾದ ಸ್ವಂತ ಮುಖವೇ ಕಾಣುವುದು. ಆದಕಾರಣ ಈ ವಿದ್ಯೆಯ ಜಾಣ್ಮೆಯೆಲ್ಲ ಬಹುಮಟ್ಟಿಗೆ ದೀಪವನ್ನಿಡುವುದರಲ್ಲಿದೆ. ಬೆಳಕನ್ನು ಬಹಳ ಓರೆಯಾಗಿ ಹಾಯಿಸಿದರೆ ನಯವಾದ ಭಾಗವು ಅದನ್ನು ಆಚೆಗೆ ತಳ್ಳಿ ಕಪ್ಪಾಗಿ ತೋರುವುದು. ಗೀರು ಬೆಳಕನ್ನು ಚೆದರಿಸಿ ಬೆಳ್ಳಗೆ ಮಿನುಗುವುದು. ಅಂಚಿಲ್ಲದ ತಗ್ಗು ಈ ಉಪಾಯಕ್ಕೆ ಸುಲಭವಾಗಿ ಸಿಕ್ಕದು. ಅದಕ್ಕಾಗಿ ಪಟ್ಟೆಪಟ್ಟೆಯಾದ ತೆರೆಯೊಂದನ್ನು ವಸ್ತುವಿನ ಮೈಯಲ್ಲಿ ಪ್ರತಿಬಿಂಬಿಸಿ, ಪಟ್ಟೆಗಳು ಎಲ್ಲಿ ಬಾಗಿದುವೆಂದು ಗಣಿಸುತ್ತಾರೆ. ಮೋಟಾರು ಗಾಡಿಗಳ ಬಣ್ಣದ ಮೈಯನ್ನು ಹೀಗೆ ಪರೀಕ್ಷಿಸುವುದುಂಟು.

ಆ ಚಿತ್ರಗಳನ್ನು ಓದುವ ಗಣಕಯಂತ್ರಕ್ಕೆ ಕಲಿಸುವುದು ಇನ್ನೊಂದು ತೊಡಕು. ಒಳ್ಳೆಯ ಕಾರ್ಖಾನೆಯಲ್ಲಿ ದೋಷಗಳು ಅಪೂರ್ವವಾದುದರಿಂದ ತೋರಿಸಲು ಮಾದರಿಗಳೇ ಸಾಲವು. 2019ರಲ್ಲಿ ಜರ್ಮನಿಯ ಎಂವಿಟೆಕ್ ಸಂಸ್ಥೆಯು ಪ್ರಕಟಿಸಿದ 5354 ಚಿತ್ರಗಳ ಸಂಗ್ರಹದಲ್ಲಿ ಕಲಿಕೆಯ ಭಾಗದಲ್ಲಿರುವುವೆಲ್ಲ ನಿರ್ದೋಷ ವಸ್ತುಗಳೇ. ಅವಕ್ಕೆ ಹೊರತಾದುದನ್ನು ಯಂತ್ರವು ತಾನೇ ಗುರುತಿಸಬೇಕು. ಆದರೆ ಎಣ್ಣೆಯ ಹನಿಯೂ ಧೂಳಿನ ಕಣವೂ ಹೊರತಾದುವೇ ಅಲ್ಲವೆ? ಮಿತಿಯನ್ನು ಬಿಗಿದರೆ ಒಳ್ಳೆಯ ಗುಂಡು ಗುಜರಿಯ ಪಾಲು; ಸಡಿಲಿಸಿದರೆ ಬಿರುಕುಳ್ಳ ಗುಂಡು ಬೇರಿಂಗನ್ನು ಸೇರಿ ಓಡುವ ಗಾಡಿಯಲ್ಲಿ ಒಡೆಯಬಹುದು. ಆ ಮಿತಿಯನ್ನು ಗೊತ್ತುಮಾಡುವವನು ಇಂದಿಗೂ ಮನುಷ್ಯನೇ. ಯಂತ್ರವು ಶಂಕಿಸಿದ ವಸ್ತುವನ್ನು ಅನೇಕ ಕಡೆ ಮತ್ತೆ ಪರೀಕ್ಷಕರ ಕೈಗೇ ಒಪ್ಪಿಸುವರು. ಹಾಗೆ ದಿನವೆಲ್ಲ ಸಂಶಯಾಸ್ಪದ ವಸ್ತುಗಳನ್ನೇ ನೋಡುತ್ತ ಕುಳಿತವರಿಗೆ ಆ ಹತ್ತು ನಿಮಿಷಗಳ ವಿರಾಮವುಂಟೋ ಇಲ್ಲವೋ ಎಂಬುದನ್ನು ಕಾರ್ಖಾನೆಗಳ ಮೇಲ್ವಿಚಾರಣೆಯ ಅಧಿಕಾರಿಗಳು ವಿಚಾರಿಸತಕ್ಕದ್ದು.